ಹುಡುಗಿಯ ಒಂದು ಸುಳ್ಳು, ನಮ್ಮ ಸಾವಿರ ಸುಳ್ಳು



‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಎಂಬ ಗಾದೆಯನ್ನು ಕೇಳುತ್ತಲೇ ನಾವೆಲ್ಲ ಬೆಳೆದಿದ್ದೇವೆ. ಗಂಡಿನ ಕುಡಿತವನ್ನು ಮುಚ್ಚಿಟ್ಟು, ಗುತ್ತಿಗೆಯ ಹೊಲವನ್ನು ಸ್ವಂತದ್ದೆಂದು ತೋರಿಸಿ, ಹೆಣ್ಣಿನ ವಯಸ್ಸನ್ನು ಬೇಕಾದಂತೆ ಹೆಚ್ಚು ಕಡಿಮೆ ಮಾಡಿ, ಎರವಲು ಒಡವೆ ತೊಡಿಸಿ ಮಾಡಿದ ಮದುವೆಗಳಿಗೆ ನಾವೇ ಹೋಗಿ ಅಕ್ಷತೆ ಹಾಕಿ ಬಂದಿದ್ದೇವೆ. ಇವನ್ನು ಯಾರೂ ಮೋಸ ಎಂದು ಕರೆಯಲಿಲ್ಲ. ಹಿರಿಯರ ಜಾಣತನ ಎಂದರು. ಅದೇ ಹದಿನೇಳು ವರ್ಷದ ಹುಡುಗಿಯೊಬ್ಬಳು ತಾನು ಮೆಚ್ಚಿದ ಹುಡುಗನ ಮುಂದೆ ತನ್ನ ಮನೆಯ ಬಗ್ಗೆ ಒಂದು ಸುಳ್ಳು ಹೇಳಿದರೆ ಊರಿಗೆ ಊರೇ ಅವಳ ನಡತೆಯನ್ನು ಅಳೆಯಲು ಕೂರುತ್ತದೆ.

ಈ ಸಂಚಿಕೆಯಲ್ಲಿ ಅಂಥ ಒಂದು ಸುಳ್ಳಿನ ಬಗ್ಗೆ ಬರೆಯುತ್ತಿದ್ದೇನೆ. ವರದಕ್ಷಿಣೆ, ಕೌಟುಂಬಿಕ ದೌರ್ಜನ್ಯಗಳ ವಿಚಾರ ಮಾತಾಡುವ ಪತ್ರಿಕೆಯಲ್ಲಿ ಕಾಲೇಜು ಹುಡುಗ ಹುಡುಗಿಯರ ಪ್ರೇಮದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕೊನೆಯವರೆಗೆ ಓದಿ, ಆಮೇಲೆ ನೀವೇ ಹೇಳಿ.

ನಾನು ತೆಂಗಿನ ಸೀಮೆಯ ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಪಾಠ ಹೇಳಿದವಳು. ಇದು ನಡೆದದ್ದು ನಾನು ನಿವೃತ್ತಳಾಗುವ ಹಿಂದಿನ ವರ್ಷ. ಆ ಹುಡುಗಿಯ ಒಪ್ಪಿಗೆ ಪಡೆದೇ, ಹೆಸರನ್ನೂ ಊರನ್ನೂ ಬಿಟ್ಟು ಬರೆಯುತ್ತಿದ್ದೇನೆ. ಬರೆದದ್ದನ್ನು ಅವಳಿಗೆ ಓದಿ ಹೇಳಿದ್ದೇನೆ.

ಅವಳ ತಾಯಿ ಖಾಸಗಿ ನರ್ಸಿಂಗ್ ಹೋಮೊಂದರಲ್ಲಿ ಆಯಾ. ನೆಲ ಒರೆಸುವುದು, ಹಾಸಿಗೆ ಬಟ್ಟೆ ಒಗೆಯುವುದು, ರೋಗಿಗಳ ಮಲಮೂತ್ರ ತೆಗೆಯುವುದು ಅವರ ಕೆಲಸ. ತಂದೆ ಲಾರಿಯಲ್ಲಿ ಕ್ಲೀನರ್ ಆಗಿ ಹೋದವನು ಬೇರೆ ಊರಿನಲ್ಲಿ ಬೇರೆ ಸಂಸಾರ ಕಟ್ಟಿಕೊಂಡಿದ್ದ. ದೊಡ್ಡ ಮಗಳ ಮದುವೆಗೆ ಆ ತಾಯಿ ಚಿನ್ನ, ಬೈಕು ಎಂದು ಮಾಡಿದ ಸಾಲ ಇನ್ನೂ ತೀರಿರಲಿಲ್ಲ. ಅಷ್ಟು ಕೊಟ್ಟರೂ ದೊಡ್ಡ ಮಗಳು ಎರಡು ಸಲ ಬೆನ್ನ ಮೇಲೆ ಬಾಸುಂಡೆ ಹೊತ್ತು ತವರಿಗೆ ಬಂದಿದ್ದಳು. ಎರಡು ಸಲವೂ ಹಿರಿಯರು ಸಮಾಧಾನ ಹೇಳಿ ಅವಳನ್ನು ವಾಪಸ್ ಕಳಿಸಿದ್ದರು. ಇದನ್ನೆಲ್ಲ ಮೂಲೆಯಲ್ಲಿ ಕೂತು ನೋಡಿದ್ದು ಈ ಚಿಕ್ಕ ಹುಡುಗಿ. ‘ಇನ್ನೊಬ್ಬಳು ಇದ್ದಾಳಲ್ಲ, ಇವಳನ್ನ ಹೆಂಗೆ ದಾಟುಸ್ತೀಯೋ’ ಎಂದು ನೆಂಟರು ಕೇಳುವಾಗಲೂ ಅವಳು ಅಲ್ಲೇ ಇದ್ದಳು.

ಮೊದಲ ವರ್ಷದ ಪಿಯುಸಿಯಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವ ದಿನ ನಾನು ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಾ ಹೋದೆ: ತಂದೆ ಏನು ಮಾಡುತ್ತಾರೆ, ತಾಯಿ ಏನು ಮಾಡುತ್ತಾರೆ, ವರಮಾನ ಎಷ್ಟು? ಎಪ್ಪತ್ತು ಮಕ್ಕಳ ಎದುರಿಗೆ. ಅದಕ್ಕೂ ಮೊದಲು ಎಷ್ಟೋ ವರ್ಷ ಹಾಗೇ ಕೇಳಿದ್ದೆ, ಅದರಲ್ಲಿ ತಪ್ಪಿದೆ ಎಂದು ಹೊಳೆದಿರಲಿಲ್ಲ. ಅವಳ ಸರದಿ ಬಂದಾಗ ಅವಳು ಹೇಳಿದ್ದು: ‘ನಮ್ಮಮ್ಮ ನರ್ಸು, ಮಿಸ್.’ ನಾನು ಹಾಗೇ ಬರೆದುಕೊಂಡೆ. ನರ್ಸಿನ ಮಗಳು ಬಡವರ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದಾದರೂ ಹೇಗೆ? ಅವಳು ಹಾಕಲಿಲ್ಲ. ಎರಡು ವರ್ಷ ಬರಬೇಕಾದ ಹಣ ಬರಲಿಲ್ಲ. ಮೊದಲ ಸುಳ್ಳು ಹುಟ್ಟಿದ್ದು ನನ್ನ ತರಗತಿಯಲ್ಲಿ, ನನ್ನ ಪ್ರಶ್ನೆಗೆ ಉತ್ತರವಾಗಿ. ಇದನ್ನು ನಾನು ಮರೆಯಲಾರೆ.

ಎರಡನೆಯ ವರ್ಷ ಒಬ್ಬ ಹುಡುಗ ಅವಳ ಬದುಕಿನಲ್ಲಿ ಬಂದ. ಡಿಗ್ರಿ ಕೊನೆಯ ವರ್ಷದವನು, ಇಪ್ಪತ್ತು ದಾಟಿದವನು. ಅವನ ತಂದೆಯದು ಕೊಬ್ಬರಿ ಮಂಡಿ, ಎರಡಂತಸ್ತಿನ ಮನೆ. ಹುಡುಗಿ ಅವನಿಗೂ ಅದೇ ಸುಳ್ಳನ್ನು ಹೇಳಿದಳು. ಹೇಳಿದ ಮೇಲೆ ಅದಕ್ಕೆ ತಕ್ಕಂತೆ ನಡೆಯಬೇಕಾಯಿತು. ಗೆಳತಿಯ ಚೂಡಿದಾರ ಹಾಕಿಕೊಂಡು ಬರುತ್ತಿದ್ದಳು. ಸಂಜೆ ತನ್ನ ಕೇರಿಗಿಂತ ಮೊದಲೇ, ಎಕ್ಸ್‌ಟೆನ್ಶನ್ನಿನ ಹತ್ತಿರ ಬಸ್ಸು ಇಳಿದು, ಅವನ ಬೈಕು ಕಣ್ಮರೆಯಾಗುವವರೆಗೆ ಯಾರದೋ ಮನೆಯ ಗೇಟಿನ ಮುಂದೆ ನಿಂತು, ಆಮೇಲೆ ನಡೆದು ಮನೆ ಸೇರುತ್ತಿದ್ದಳು.

ಆ ಹುಡುಗ ಅವಳಿಗೆ ಹೇಳುತ್ತಿದ್ದದ್ದು: ‘ನಿಮ್ಮ ಮನೆಯಿಂದ ನನಗೆ ಒಂದು ಚಮಚವೂ ಬೇಡ. ನಮ್ಮಪ್ಪನ ಹತ್ತಿರ ಮಾತಾಡಿದ್ದೇನೆ.’ ಅಕ್ಕನ ಬೆನ್ನಿನ ಬಾಸುಂಡೆಗೆ ಎಣ್ಣೆ ಹಚ್ಚಿದ ಹುಡುಗಿಗೆ ಈ ಮಾತು ಹೇಗೆ ಕೇಳಿಸಿರಬೇಕು ಎಂದು ಯೋಚಿಸಿ. ಹುಡುಗಿಯರು ಬಣ್ಣದ ಮಾತಿಗೆ ಮರುಳಾಗುತ್ತಾರೆ ಎಂದು ನಾವು ಬೈಯುತ್ತೇವೆ. ವರದಕ್ಷಿಣೆ ಇಲ್ಲದ ಊರಿನಲ್ಲಿ ‘ವರದಕ್ಷಿಣೆ ಬೇಡ’ ಎಂಬ ಮಾತಿಗೆ ಯಾವ ಬಣ್ಣ ಇರುತ್ತಿತ್ತು?

ಅವನ ಹುಟ್ಟುಹಬ್ಬ ಬಂತು. ಅವನ ಅಂತಸ್ತಿಗೆ ಸರಿಯಾದ ಉಡುಗೊರೆ ಕೊಡಬೇಕೆಂದು ಹುಡುಗಿ ತಾಯಿಗೆ ‘ಟ್ಯೂಷನ್ ಫೀಸು’ ಎಂದಳು. ತಾಯಿ ಸಂಘದಲ್ಲಿ ಐದು ಸಾವಿರ ರೂಪಾಯಿ ಸಾಲ ಎತ್ತಿದರು. ನಡಾವಳಿ ಪುಸ್ತಕದಲ್ಲಿ ‘ಮಗಳ ವಿದ್ಯಾಭ್ಯಾಸಕ್ಕೆ’ ಎಂದು ಬರೆದು ಹತ್ತು ಹೆಂಗಸರು ಸಹಿ ಹಾಕಿದರು. ಆ ಹಣದಲ್ಲಿ ಒಂದು ಕೈಗಡಿಯಾರ ಬಂತು.

ಎರಡು ತಿಂಗಳ ನಂತರ ಹುಡುಗನ ಅಜ್ಜಿಯನ್ನು ಅದೇ ನರ್ಸಿಂಗ್ ಹೋಮಿಗೆ ಸೇರಿಸಿದರು. ಆ ದಿನ ಹುಡುಗಿ ತಾಯಿಗೆ ಬುತ್ತಿ ಕೊಡಲು ಹೋಗಿದ್ದಳು. ತಾಯಿ ಅಜ್ಜಿಯ ಕೋಣೆಯ ನೆಲ ಒರೆಸುತ್ತಿದ್ದರು. ಬಾಗಿಲಲ್ಲಿ ನಿಂತ ಮಗಳನ್ನು ನೋಡಿ ‘ಬಾರವ್ವ, ಅಲ್ಲೇ ಇಡು’ ಎಂದರು. ಮಂಚದ ಪಕ್ಕದ ಕುರ್ಚಿಯಲ್ಲಿ ಹುಡುಗ ಕೂತಿದ್ದ. ಅವನು ಒಂದು ಮಾತೂ ಆಡಲಿಲ್ಲ, ಗುರುತಿದೆ ಎಂದು ತೋರಿಸಿಕೊಳ್ಳಲೂ ಇಲ್ಲ.

ಮಾರನೆಯ ದಿನದಿಂದ ಅವನ ಮಾತಿನ ದನಿ ಬದಲಾಯಿತು. ‘ನೀನು ಮೋಸಗಾತಿ. ನಾನು ಹೇಳಿದ ಹಾಗೆ ಕೇಳಿದರೆ ಸರಿ, ಇಲ್ಲದಿದ್ದರೆ ನಿನ್ನ ಸುಳ್ಳನ್ನೂ ನಮ್ಮ ಫೋಟೊಗಳನ್ನೂ ನಿಮ್ಮ ಅಮ್ಮನಿಗೆ, ನಿಮ್ಮ ಕೇರಿಗೆ ತೋರಿಸುತ್ತೇನೆ’ ಎಂದ. ಹೇಳಿದ ಕಡೆಗೆ ಬರಬೇಕು ಎಂದು ಕರೆಯತೊಡಗಿದ. ಅವಳು ಏನೇನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾ ನಾಲ್ಕು ತಿಂಗಳು ಕಳೆದಳು. ಓದು ನಿಂತಿತು. ಊಟ ಸೇರಲಿಲ್ಲ. ‘ಸತ್ತು ಹೋಗೋದೇ ಸುಲಭ ಅನ್ನಿಸಿತ್ತು ಮಿಸ್’ ಎಂದು ಆಮೇಲೆ ನನಗೆ ಹೇಳಿದಳು.

ಯಾರಿಗೂ ಏಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಕೊಟ್ಟ ಉತ್ತರವನ್ನು ನಿಮ್ಮೆಲ್ಲರ ಮುಂದೆ ಇಡಬೇಕೆಂದೇ ಈ ಲೇಖನ ಬರೆಯುತ್ತಿದ್ದೇನೆ. ‘ಅವನು ಮಾಡಿದ್ದನ್ನ ಹೇಳಬೇಕು ಅಂದ್ರೆ ಮೊದಲು ನಾನು ಮಾಡಿದ್ದನ್ನ ಹೇಳಬೇಕಿತ್ತು. ಅಮ್ಮನ ಕೆಲಸ ಹೇಳೋಕೆ ನಾಚಿಕೆಪಟ್ಟೆ ಅಂತ ಅಮ್ಮನಿಗೇ ಹೆಂಗೆ ಹೇಳಲಿ?’

ಯೋಚಿಸಿ, ಸೋದರಿಯರೇ. ಬೆದರಿಸುವವನ ಕೈಯಲ್ಲಿದ್ದ ಹಗ್ಗ ಫೋಟೊಗಳದ್ದಲ್ಲ. ಆ ಫೋಟೊಗಳಲ್ಲಿ ಇಬ್ಬರೂ ಬೈಕಿನ ಪಕ್ಕ ನಿಂತದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಅವಳ ಬಾಯಿ ಕಟ್ಟಿದ್ದು ಅವಳದೇ ಸುಳ್ಳು. ಸುಳ್ಳು ಹೇಳಿದ ಮಗಳಿಗೆ ಸಹಾಯ ಕೇಳುವ ಬಾಗಿಲು ಮುಚ್ಚಿಹೋಗುತ್ತದೆ. ಮನೆಯಲ್ಲಿ ಬೈಗುಳ, ಹೊಡೆತದ ಭಯ ಹೆಚ್ಚಿದ್ದಷ್ಟೂ ಹೊರಗೆ ಬೆದರಿಸುವವನ ಕೆಲಸ ಸುಲಭ.

ವಿಷಯ ಹೊರಬಂದದ್ದು ಸಂಘದ ಸಭೆಯಲ್ಲಿ. ಪುಸ್ತಕ ಬರೆಯುವಾಕೆಯ ಮಗಳೂ ಅದೇ ತರಗತಿಯವಳು. ‘ನಮ್ಮ ಹುಡುಗಿಗೆ ಯಾವ ಟ್ಯೂಷನ್ನೂ ಇಲ್ವಲ್ಲಕ್ಕ’ ಎಂದಳು. ಆ ರಾತ್ರಿ ತಾಯಿ ಮಗಳನ್ನು ಹೊಡೆದರು. ಹೊಡೆತಕ್ಕೆ ಎಲ್ಲವೂ ಹೊರಬಂತು. ಮೂರು ದಿನದಲ್ಲಿ ಸೋದರಮಾವ ಒಂದು ಸಂಬಂಧ ಹುಡುಕಿ ತಂದ. ಗಂಡಿಗೆ ಮೂವತ್ತೆರಡು, ಮೊದಲ ಹೆಂಡತಿ ಇಲ್ಲ, ‘ಜಾಸ್ತಿ ಏನೂ ಕೇಳುವುದಿಲ್ಲ’. ಹುಡುಗಿಗೆ ಹದಿನೆಂಟು ತುಂಬಲು ಏಳು ತಿಂಗಳು ಬಾಕಿ. ‘ಜಾತಕದಲ್ಲಿ ಹತ್ತೊಂಬತ್ತು ಅಂತ ಬರೆಸಿದರಾಯಿತು’ ಎಂದ ಮಾವ. ಮಗಳ ಸುಳ್ಳಿಗೆ ಹಿರಿಯರು ಹುಡುಕಿದ ಔಷಧಿ ಇನ್ನೊಂದು ಸುಳ್ಳು.

ಇದನ್ನು ತಡೆದದ್ದು ಸಂಘದ ಹೆಂಗಸರು. ಅಲ್ಲೂ ಮಾತು ಸುಲಭವಾಗಿ ಒಂದಾಗಲಿಲ್ಲ. ‘ಮುಳ್ಳು ಬಟ್ಟೆಯ ಮೇಲೆ ಬಿದ್ದರೂ, ಬಟ್ಟೆ ಮುಳ್ಳಿನ ಮೇಲೆ ಬಿದ್ದರೂ ಹರಿಯೋದು ಬಟ್ಟೇನೇ, ಮದುವೆ ಮಾಡಿ ಕಳಿಸಿಬಿಡಿ’ ಎಂದವರಿದ್ದರು. ‘ಸಂಘದ ದುಡ್ಡಿಗೇ ಮೋಸ ಮಾಡಿದವಳ ಪರ ನಿಲ್ಲಬೇಕಾ’ ಎಂದವರೂ ಇದ್ದರು. ಆಗ ಅರವತ್ತು ದಾಟಿದ ಒಬ್ಬಾಕೆ ಎದ್ದು ಹೇಳಿದರು: ‘ನಂಗೂ ಹದಿನಾಲ್ಕಕ್ಕೇ ಮಾಡಿದ್ರು. ವಯಸ್ಸು ಸುಳ್ಳು ಹೇಳಿದ್ರು. ಗಂಡು ಕುಡಿಯಲ್ಲ ಅಂತಲೂ ಸುಳ್ಳು ಹೇಳಿದ್ರು. ಹೇಳಿದೋರಿಗೆ ಯಾರಾದ್ರೂ ಹೊಡೆದ್ರಾ? ಈ ಮಗೂನ ಮಾತ್ರ ಯಾಕೆ ಹೊಡೀತೀರಿ?’ ಆಮೇಲೆ ಯಾರೂ ಮಾತಾಡಲಿಲ್ಲ. ಸಂಘದ ಪ್ರತಿನಿಧಿ ಆ ಸಂಜೆಯೇ ನನ್ನ ಮನೆಗೆ ಬಂದರು.

ಸಂಘದ ನಾಲ್ವರು, ತಾಯಿ, ಮಗಳು, ನಾನು ಠಾಣೆಗೆ ಹೋದೆವು. ಮಹಿಳಾ ಸಬ್ ಇನ್ಸ್‌ಪೆಕ್ಟರ್ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೆ ಬರೆದುಕೊಂಡರು. ಹುಡುಗನನ್ನು ಕರೆಸಿ ಫೋನನ್ನು ವಶಕ್ಕೆ ತೆಗೆದುಕೊಂಡರು. ಅಲ್ಲಿ ಮತ್ತೊಂದು ಸತ್ಯ ಹೊರಬಿತ್ತು. ಹುಡುಗನ ಮದುವೆ ಅವನ ಸೋದರತ್ತೆಯ ಮಗಳೊಂದಿಗೆ ಒಂದು ವರ್ಷದ ಹಿಂದೆಯೇ ಮಾತಾಗಿತ್ತು, ಸೈಟು ಮತ್ತು ಕಾರಿನ ಸಮೇತ. ಅದು ಅವನಿಗೂ ಗೊತ್ತಿತ್ತು. ‘ಒಂದು ಚಮಚವೂ ಬೇಡ’ ಎಂದವನ ಬೆಲೆ ಆಗಲೇ ಕಟ್ಟಿಯಾಗಿತ್ತು.

ಅವನ ತಂದೆ ಠಾಣೆಯ ಹೊರಗೆ ತಾಯಿಯನ್ನು ಕರೆದು ‘ಎಷ್ಟು ಕೊಡಬೇಕು, ಹೇಳಮ್ಮ’ ಎಂದರು. ಆ ತಾಯಿ ಹೇಳಿದ್ದು ಇಷ್ಟೇ: ‘ನಮ್ಮಿಂದ ಒಂದು ಗಡಿಯಾರ ನಿಮ್ಮ ಮನೆಗೆ ಬಂದೈತೆ ಸ್ವಾಮಿ. ಅದು ಸಂಘದ ದುಡ್ಡು. ಅದನ್ನ ಕೊಡಿ. ಬೇರೆ ಏನೂ ಬೇಡ.’ ಗಡಿಯಾರ ಮೂರನೆಯ ದಿನ ಬಂತು. ಅಂಗಡಿಯವನು ಅರ್ಧ ಬೆಲೆಗೆ ವಾಪಸ್ ತೆಗೆದುಕೊಂಡ. ಉಳಿದ ಹಣವನ್ನು ಹುಡುಗಿ ಪರೀಕ್ಷೆ ಮುಗಿದ ಮೇಲೆ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡಿ ಕಂತು ಕಂತಾಗಿ ತಾನೇ ಕಟ್ಟಿದಳು. ಸಂಘ ಅವಳ ತಪ್ಪನ್ನು ಮುಚ್ಚಲಿಲ್ಲ, ಆ ತಪ್ಪಿಗಾಗಿ ಅವಳ ಬದುಕನ್ನು ದಂಡವಾಗಿ ಕೇಳಲೂ ಇಲ್ಲ.

ಈಗ ಈ ಎರಡು ಸುಳ್ಳುಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಹುಡುಗಿ ಹೇಳಿದ್ದು ತಪ್ಪು. ಗಡಿಯಾರದ ವಿಷಯದಲ್ಲಂತೂ ಅದು ತಾಯಿಯ ಬೆವರಿಗೆ ಮಾಡಿದ ಮೋಸ. ಆದರೆ ಆ ಸುಳ್ಳಿನ ಹಿಂದೆ ಇದ್ದದ್ದು ಅವಮಾನ. ಹೆಣ್ಣಿನ ಬೆಲೆಯನ್ನು ಅವಳ ಅಪ್ಪನ ಕಿಸೆಯಿಂದ, ಅವಳ ಅಮ್ಮನ ಕೊರಳಿನ ಸರದಿಂದ ಅಳೆಯುವ ಸಮಾಜದಲ್ಲಿ, ಅಳತೆಗೆ ಸಿಕ್ಕಿಬೀಳದಿರಲು ಅವಳು ಹೂಡಿದ ಉಪಾಯ ಅದು. ಆ ಸುಳ್ಳು ಬಯಲಾದರೆ ನಷ್ಟವೆಲ್ಲ ಅವಳದೇ. ಹುಡುಗನ ಸುಳ್ಳು ಬಯಲಾದರೆ ಅವನಿಗೆ ಏನು ನಷ್ಟ? ಸೈಟು ಇದೆ, ಕಾರು ಇದೆ, ‘ವಯಸ್ಸಿನ ಹುಡುಗರು ಹಾಗೇ’ ಎನ್ನುವ ಊರಿದೆ. ಒಂದೇ ತಕ್ಕಡಿಯಲ್ಲಿ ಎರಡನ್ನೂ ತೂಗಿ ‘ಇಬ್ಬರದೂ ತಪ್ಪು’ ಎನ್ನುವುದು ನ್ಯಾಯದಂತೆ ಕಾಣುತ್ತದೆ. ಆದರೆ ದಂಡ ತೆರುವವಳು ಮಾತ್ರ ಯಾವಾಗಲೂ ಒಬ್ಬಳೇ.

ಹುಡುಗ ನಿಜವಾಗಿಯೂ ಮದುವೆಯಾಗಿದ್ದರೆ ಎಲ್ಲ ಸರಿಹೋಗುತ್ತಿತ್ತೇ? ಆಪ್ತಸಲಹೆಗೆ ಬಂದ ಇನ್ನೊಬ್ಬ ಹೆಣ್ಣುಮಗಳ ಕಥೆ ಅದಕ್ಕೆ ಉತ್ತರ. ಅವಳು ಹದಿನೆಂಟು ತುಂಬಿದ ಮೇಲೆ ಅನುಕೂಲಸ್ಥರ ಮನೆಯ ಹುಡುಗನನ್ನು ಪ್ರೀತಿಸಿ ಮದುವೆಯಾದಳು. ಮೊದಲ ವರ್ಷ ‘ಬರಿಗೈಲಿ ಬಂದವಳು’ ಎಂಬ ಮಾತು. ಎರಡನೆಯ ವರ್ಷ ‘ಅಂಗಡಿ ಹಾಕಬೇಕು, ನಿಮ್ಮಪ್ಪನ ಹತ್ತಿರ ತಾ’ ಎಂಬ ಬೇಡಿಕೆ. ಮೂರನೆಯ ವರ್ಷ ಹೊಡೆತ. ತವರಿನವರು ‘ನೀನೇ ಆರಿಸಿಕೊಂಡದ್ದು, ನೀನೇ ಅನುಭವಿಸು’ ಎಂದು ಬಾಗಿಲು ಹಾಕಿದರು. ಪ್ರೀತಿಸಿ ಮದುವೆಯಾದವರಿಗೆ ವರದಕ್ಷಿಣೆಯ ಕಾಟವಿಲ್ಲ ಎಂದು ನಂಬಬೇಡಿ. ಅಂತಸ್ತಿನ ಅಂತರ ಇದ್ದಲ್ಲಿ ಅದು ತಡವಾಗಿ ಬರುತ್ತದೆ, ಅಷ್ಟೇ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿದಿರಬೇಕು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಮದುವೆಗೆ ಸಂಬಂಧಿಸಿ ಮದುವೆಯ ಮೊದಲು, ಮದುವೆಯ ಹೊತ್ತಿನಲ್ಲಿ, ಮದುವೆಯ ನಂತರ, ಯಾವಾಗ ಕೇಳಿದರೂ ಅದು ವರದಕ್ಷಿಣೆಯೇ. ಹಿರಿಯರು ನೋಡಿ ಮಾಡಿದ ಮದುವೆಗೂ ಪ್ರೇಮವಿವಾಹಕ್ಕೂ ಇದರಲ್ಲಿ ಭೇದವಿಲ್ಲ. ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಹೇಳುತ್ತಿದ್ದ 498ಎ ಕಲಮಿನ ವಿಷಯ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಿನಲ್ಲಿದೆ. ಅದೇ ಸಂಹಿತೆಯ 69ನೆಯ ಕಲಮು, ಈಡೇರಿಸುವ ಮನಸ್ಸಿಲ್ಲದೆ ಮದುವೆಯ ಮಾತು ಕೊಟ್ಟು ಹೆಣ್ಣನ್ನು ಬಳಸಿಕೊಳ್ಳುವುದನ್ನು ಅಪರಾಧ ಎನ್ನುತ್ತದೆ. ಅದಕ್ಕೆ ಹತ್ತು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು.

ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಅಪರಾಧ. ಕರ್ನಾಟಕದ 2016ರ ತಿದ್ದುಪಡಿಯಂತೆ ನಮ್ಮ ರಾಜ್ಯದಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು, ಅಂದರೆ ಮದುವೆಯೇ ಆಗಿಲ್ಲ ಎಂದು ಲೆಕ್ಕ. ಮಾಡಿಸಿದ ತಂದೆತಾಯಿ, ಪುರೋಹಿತರು, ಬೆಂಬಲ ಕೊಟ್ಟವರು ಎಲ್ಲರೂ ಉತ್ತರ ಹೇಳಬೇಕಾಗುತ್ತದೆ.

2012ರ ಪೋಕ್ಸೊ ಕಾಯ್ದೆ ಹದಿನೆಂಟರ ಒಳಗಿನ ಎಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ. ಅಲ್ಲಿ ‘ಅವಳೇ ಒಪ್ಪಿದ್ದಳು’ ಎಂಬ ಮಾತಿಗೆ ಬೆಲೆಯಿಲ್ಲ. ಇದು ನಮ್ಮ ಮಕ್ಕಳಿಗೆ ದೊಡ್ಡ ರಕ್ಷಣೆ. ಇದೇ ಕಾಯ್ದೆಯನ್ನು ಬೇರೆ ಜಾತಿಯ, ಬಡವರ ಮನೆಯ ಹುಡುಗನನ್ನು ಮಗಳಿಂದ ದೂರ ಮಾಡಲು ಕೆಲವು ತಂದೆತಾಯಿ ಆಯುಧ ಮಾಡಿಕೊಳ್ಳುವುದೂ ಇದೆ. 2023ರಲ್ಲಿ ಕಾನೂನು ಆಯೋಗ ತನ್ನ 283ನೆಯ ವರದಿಯಲ್ಲಿ ಒಪ್ಪಿಗೆಯ ವಯಸ್ಸನ್ನು ಹದಿನೆಂಟರಿಂದ ಇಳಿಸಬೇಡಿ ಎಂದಿತು. ಜೊತೆಗೆ, ಹದಿನಾರರಿಂದ ಹದಿನೆಂಟರ ನಡುವಿನವರು ಮನಸಾರೆ ಒಪ್ಪಿದ ಪ್ರಕರಣಗಳಲ್ಲಿ ನ್ಯಾಯಾಧೀಶರು ವಿವೇಚನೆ ಬಳಸಲು ಅವಕಾಶವಿರಲಿ ಎಂದೂ ಸಲಹೆ ಮಾಡಿತು. ನಾವೂ ಆ ವಿವೇಚನೆಯನ್ನು ಕಲಿಯಬೇಕು. ಪ್ರೀತಿಸುವ ಹುಡುಗರೆಲ್ಲ ಬೆದರಿಸುವವರಲ್ಲ. ಬೆದರಿಸುವವನನ್ನು ಪ್ರೀತಿಸುವವನೆಂದು ಕರೆಯುವುದೂ ಬೇಡ.

ಹಾಗಾದರೆ ನಮ್ಮ ಸಂಘಗಳು ಏನು ಮಾಡಬಹುದು?

ಮೊದಲನೆಯದಾಗಿ, ಮಗಳು ಸುಳ್ಳು ಹೇಳಿದ್ದು ಗೊತ್ತಾದಾಗ ‘ಯಾಕೆ ಸುಳ್ಳು ಹೇಳಿದೆ’ ಎಂಬ ಪ್ರಶ್ನೆಯನ್ನು ಎರಡನೆಯದಾಗಿ ಕೇಳಿ. ‘ನಿನಗೆ ಯಾರಾದರೂ ತೊಂದರೆ ಕೊಡುತ್ತಿದ್ದಾರಾ’ ಎಂದು ಮೊದಲು ಕೇಳಿ. ತಪ್ಪಿಗೆ ಲೆಕ್ಕ ಕೇಳಲು ಮುಂದೆ ಎಷ್ಟೋ ದಿನಗಳಿವೆ. ಎರಡನೆಯದು, ತಾಯಿಗೆ ಹೇಳಲಾಗದ್ದನ್ನು ಹೇಳಿಕೊಳ್ಳಲು ಸಂಘದಲ್ಲಿ ಒಬ್ಬ ಅಕ್ಕನನ್ನು ಗೊತ್ತುಮಾಡಿ, ಅವರ ಹೆಸರನ್ನು ಮನೆಯ ಹುಡುಗಿಯರಿಗೆಲ್ಲ ತಿಳಿಸಿ. ಮೂರನೆಯದು, ಬೆದರಿಕೆ ಬಂದರೆ ಫೋನಿನಲ್ಲಿರುವುದನ್ನು ಅಳಿಸಬೇಡಿ, ಅದೇ ಸಾಕ್ಷಿ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ಪೊಲೀಸರ ತುರ್ತು ಸಂಖ್ಯೆ 112, ಈ ಮೂರನ್ನೂ ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ನಾಲ್ಕನೆಯದು ಗಂಡುಮಕ್ಕಳ ಮಾತು. ಮಗ ಯಾರಿಗೆ ಏನು ಮಾತು ಕೊಟ್ಟಿದ್ದಾನೆ ಎಂದು ಯಾವ ತಾಯಿಯಾದರೂ ಕೇಳುತ್ತಾಳೆಯೇ? ಮಗಳನ್ನು ಕೇಳುವ ಪ್ರಶ್ನೆಗಳಲ್ಲಿ ಅರ್ಧದಷ್ಟನ್ನಾದರೂ ಮಗನನ್ನು ಕೇಳಿ.

ಐದನೆಯದು ಎಲ್ಲಕ್ಕಿಂತ ಕಷ್ಟದ್ದು. ನಾವು ಮಾಡುವ ಕೆಲಸದ ಬಗ್ಗೆ ಮಕ್ಕಳ ಮುಂದೆ ನಾವೇ ಹೀನವಾಗಿ ಮಾತಾಡುವುದನ್ನು ನಿಲ್ಲಿಸಬೇಕು. ‘ನನ್ನ ಹಣೆಬರಹ ಕಸ ಬಳಿಯೋದು’ ಎಂದು ದಿನವೂ ಕೇಳಿದ ಮಗು ಶಾಲೆಯಲ್ಲಿ ಆ ಮಾತನ್ನು ಮುಚ್ಚಿಡದೆ ಇನ್ನೇನು ಮಾಡೀತು? ಉಪಾಧ್ಯಾಯರಾದವರು ತರಗತಿಯ ನಡುವೆ ಮನೆಯ ಬಡತನವನ್ನು ಕೂಗಿ ಕೇಳುವುದನ್ನು ಬಿಡಬೇಕು. ನಿವೃತ್ತಿಗೆ ಮುಂಚಿನ ಕೊನೆಯ ವರ್ಷ ನಾನು ಅರ್ಜಿಗಳನ್ನು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ತುಂಬಿಸಿದೆ. ಹತ್ತು ನಿಮಿಷದ ಕೆಲಸ ಎರಡು ದಿನ ಹಿಡಿಯಿತು. ಆ ಎರಡು ದಿನವನ್ನು ಮೂವತ್ತು ವರ್ಷ ಮೊದಲೇ ಕೊಡಬೇಕಿತ್ತು.

ಆ ಹುಡುಗಿ ಪಿಯುಸಿಯಲ್ಲಿ ಪಾಸಾದಳು. ಬಿ.ಕಾಂ.ಗೆ ಸೇರುವ ದಿನ ಅರ್ಜಿ ತುಂಬಲು ನನ್ನ ಮನೆಗೇ ಬಂದಿದ್ದಳು, ತಾಯಿಯೂ ಜೊತೆಯಲ್ಲಿದ್ದರು. ತಾಯಿಯ ಉದ್ಯೋಗ ಎಂಬ ಜಾಗದಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ‘ಏನು ಬರೀಲಿ ಅಮ್ಮ?’ ಎಂದಳು. ‘ಇದ್ದದ್ದನ್ನ ಬರಿ’ ಎಂದರು ತಾಯಿ. ಅವಳು ಆಯಾ ಎಂದು ಬರೆದಳು. ಆ ವರ್ಷ ವಿದ್ಯಾರ್ಥಿವೇತನವೂ ಬಂತು. ಈಗ ಅವಳು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಮದುವೆಯಾಗಿಲ್ಲ, ಅವಸರವೂ ಇಲ್ಲ. ಅವಳ ಅಕ್ಕ ಗಂಡನ ಮನೆಯಿಂದ ಮೂರನೆಯ ಸಲ ಬಂದಾಗ ತಾಯಿ ವಾಪಸ್ ಕಳಿಸಲಿಲ್ಲ. ಆ ಮೊಕದ್ದಮೆ ಇನ್ನೂ ನಡೆಯುತ್ತಿದೆ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಉಳಿಸಿಕೊಳ್ಳಿ. ಒಂದೇ ಪ್ರಶ್ನೆ ಇಟ್ಟುಕೊಂಡು ಮಾತಾಡಿ: ನನ್ನ ಮಗಳು ನಾಳೆ ತೊಂದರೆಗೆ ಸಿಕ್ಕರೆ, ತಾನು ಮಾಡಿದ ತಪ್ಪನ್ನೂ ಸೇರಿಸಿ ನನ್ನ ಹತ್ತಿರ ಹೇಳಿಕೊಳ್ಳುತ್ತಾಳೆಯೇ? ಇಲ್ಲ ಎಂದು ಅನ್ನಿಸಿದವರು ಆ ಸಂಜೆಯೇ ಮಗಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ನಿಮ್ಮ ಸಭೆಯಲ್ಲಿ ಏನು ಮಾತಾಯಿತು ಎಂದು ನಮಗೂ ಬರೆದು ಕಳಿಸಿ.